ಕೆಳಗಿನಿಂದ ಮೇಲಕ್ಕೆ ಓದುವ ಚಿತ್ರಕಥೆ

ಕುಪ್ಪಗಡ್ಡೆ ಊರಿನ ಸುತ್ತಲಿನ ಸೊರಬ, ಶಿಕಾರಿಪುರ ಸೀಮೆ ವೀರಗಲ್ಲುಗಳ ತವರು. ಇವನ್ನು ಕೆಳಗಿನ ಪಟ್ಟಿಕೆಯಿಂದ ಓದಬೇಕು. ಅಲ್ಲಿ ಕಾಳಗ: ಬಿಲ್ಲೆಳೆದ ಇಲ್ಲವೇ ಕತ್ತಿ ಹಿರಿದ ವೀರ. ಪಕ್ಕದಲ್ಲಿ ಒತ್ತೊತ್ತಾಗಿ ನಿಂತ ದನಗಳಿದ್ದರೆ ಅದು ತುರುಗೋಳು, ಹಗೆಗಳು ಹೊಡೆದೊಯ್ದ ಊರ ದನ ಬಿಡಿಸಲು ನಡೆದ ಹೋರಾಟ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಮಡಿದ ವೀರನನ್ನು ಮೇಲಕ್ಕೊಯ್ಯುತ್ತಾರೆ. ತುದಿಯಲ್ಲಿ ಶಿವಲಿಂಗ, ನಂದಿ, ಸೂರ್ಯಚಂದ್ರ.

ಅಚ್ಚಿನ ಚಿತ್ರಕಥೆಗೆ ತನ್ನ ಜನರಿಗಾಗಿ ಹೋರಾಡುವ ಇಂಥ ನಾಡಿನ ನಾಯಕ ಬಂದದ್ದು ಬಹಳ ತಡವಾಗಿ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಮೊದಲು ನೆಚ್ಚಿದ್ದು ಹೊರನಾಡಿನ ಫ್ಯಾಂಟಮ್‌ನನ್ನು. 1976ರಲ್ಲಿ ಅದೇ ಮಾಲೆಗೆ ಆಬಿದ್ ಸುರತಿ ಬಹಾದ್ದೂರನನ್ನು ಸೃಷ್ಟಿಸಿದರು. ಅವನು ಡಕಾಯಿತನ ಮಗ. ತಂದೆಯನ್ನು ಕೊಂದ ಪೊಲೀಸ್ ಅಧಿಕಾರಿಯ ಮೇಲೆ ಸೇಡಿಗೆ ಹೊರಟವನು, ನಿಜ ತಿಳಿದು ಮನಸ್ಸು ಬದಲಿಸಿ, ಡಕಾಯಿತರನ್ನು ಎದುರಿಸಲು ಜನರದೇ ಒಂದು ದಳ ಕಟ್ಟಿದ. ತೊಟ್ಟದ್ದು ಕೇಸರಿ ಕುರ್ತಾ, ಜೀನ್ಸ್. ಮಾಯಾಶಕ್ತಿ ಯಾವುದೂ ಇಲ್ಲ. ಮುಂದೆ ರಾಜ್ ಕಾಮಿಕ್ಸ್‌ನ ತಿರಂಗಾ ತ್ರಿವರ್ಣದ ಉಡುಪಿನಲ್ಲಿ ಗುರಾಣಿ ಹಿಡಿದು ಬಂದ. ಆದರೂ ಊರಿಗಾಗಿ ಕಾದಾಡಿದ ಈ ಕಲ್ಲಿನ ವೀರರಿಗೆ ಬಹಾದ್ದೂರನೇ ಹತ್ತಿರದ ನೆಂಟ.

ಕಲ್ಲಿನ ಈ ಕಥೆ ಓದಲು ಉಳಿಯಬೇಕಾದರೆ ವೀರಗಲ್ಲಿಗೆ ಸುಣ್ಣ, ಎಣ್ಣೆ, ಬಣ್ಣ ಬಳಿಯಬೇಡಿ. ಪಟ್ಟಿಕೆಗಳ ನಡುವಿನ ಶಾಸನದ ಅಕ್ಷರಗಳು ಮುಚ್ಚಿಹೋಗುತ್ತವೆ.