ವೃಷಭಾವತೀ ತೀರದ ಪ್ರಾತಃಸಂಚಾರ

ಬೆಂಗಳೂರು ನಗರದ ಪಡುವಣ ದಿಕ್ಕಿನಲ್ಲಿ, ಮಾಗಡಿ ರಸ್ತೆಗೆ ಸಮೀಪವಾಗಿ, ಶ್ರೀಗಂಧದ ಕಾವಲೆಂಬ ಹೆಸರಿನ ಪ್ರದೇಶವೊಂದಿರುವುದು. ಹೊರನೋಟಕ್ಕೆ ಅಲ್ಲಿ ಈಗ ಶ್ರೀಗಂಧವೂ ಇಲ್ಲ, ಕಾವಲೂ ಇಲ್ಲ. ಸೂರ್ಯೋದಯಕ್ಕೆ ಮುಂಚೆ ಎದ್ದು ಆ ಬೀದಿಗಳಲ್ಲಿ ನಡೆದಾಡುವ ಅಭ್ಯಾಸವುಳ್ಳ ನಮಗೆ, ಊರಿನ ಚರಿತ್ರೆಯನ್ನು ಶಾಸನಗಳಲ್ಲಿ ಮಾತ್ರವಲ್ಲದೆ ಸ್ಥಳನಾಮಗಳಲ್ಲಿಯೂ ನೀರು ಹರಿಯುವ ಇಳಿಜಾರಿನಲ್ಲಿಯೂ ಓದಬಹುದೆಂದು ತೋರಿತು. ಹೀಗೆ ಕಂಡುದನ್ನೂ ತಿಳಿದುದನ್ನೂ ವಾಚಕ ಮಹಾಶಯರ ಮುಂದಿಡುತ್ತಿದ್ದೇವೆ.

ಕಾವಲೆಂದರೆ ಕಾಯ್ದಿರಿಸಿದ ಹುಲ್ಲುಗಾವಲು. ಮೈಸೂರು ಸಂಸ್ಥಾನದ ಕಾವಲುಗಳಲ್ಲಿ ಅಮೃತಮಹಲಿನವು ಬಹು ಪ್ರಸಿದ್ಧವಾದುವು. ಚಿಕ್ಕದೇವರಾಜ ಒಡೆಯರವರ (1673-1704) ಆಳಿಕೆಯಲ್ಲಿ ಬೆಣ್ಣೆಚಾವಡಿ ಎನಿಸಿದ್ದ ಪಶುಪಾಲನಾ ಇಲಾಖೆಗೆ ಅಮೃತಮಹಲೆಂಬ ಹೆಸರನ್ನಿತ್ತವನು ಟೀಪೂ ಸುಲ್ತಾನನು. ಬೇಸಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಎಂದು ಕಾವಲುಗಳನ್ನು ವಿಂಗಡಿಸಿ ದನಗಳನ್ನು ಒಂದರಿಂದೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಹುಲ್ಲಿಗೆ ವಿಶ್ರಾಂತಿಯನ್ನು ಕೊಡಬೇಕೆಂಬ ತಿಳಿವಳಿಕೆ ಅಂದಿನವರಿಗಿದ್ದಿತು.

ಶ್ರೀಗಂಧದ ವಿಚಾರವು ಇನ್ನೂ ಸ್ವಾರಸ್ಯವಾದುದು. ಈ ಮರವು ಒಂಟಿಯಾಗಿ ಏಳ್ಗೆ ಹೊಂದಲಾರದು. ಇದರ ಬೇರು ನೆರೆಯ ಗಿಡಮರಗಳ ಬೇರನ್ನು ಹಿಡಿದು ಆಹಾರದ ಒಂದಂಶವನ್ನು ಅಲ್ಲಿಂದ ಪಡೆಯುವುದು. ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಪೊದೆಗಳ ಕೆಳಗೆ ಉದುರಿಸುವುದರಿಂದ ಸಸಿಗೆ ಮೊದಲೇ ನೆರೆಹೊರೆ ಸಿದ್ಧವಾಗಿರುತ್ತದೆ. ಟೀಪುವಿನ ಕಾಲದಿಂದ ಇದು ರಾಜವೃಕ್ಷವಾಗಿ, ರೈತನ ಹೊಲದಲ್ಲಿ ಬೆಳೆದ ಮರವೂ ಸರ್ಕಾರದ ಸ್ವತ್ತೇ ಆಗಿತ್ತು. ತನ್ನದಲ್ಲದ ಮರವನ್ನು ಯಾರು ತಾನೆ ಅಕ್ಕರೆಯಿಂದ ಬೆಳೆಸಿಯಾರು? ಭೂಮಿಯ ಒಡೆಯನಿಗೇ ಮರದ ಒಡೆತನವು ಕಾನೂನಿನಿಂದ ದೊರೆತದ್ದು 2001ರಲ್ಲಿ. ಅಷ್ಟುಹೊತ್ತಿಗೆ ಈ ಭಾಗದಲ್ಲಿ ಹೊಲಗಳೇ ವಿರಳವಾಗಿದ್ದುವು.

1914ರ ಮಹಾಯುದ್ಧದಿಂದ ಗಂಧದ ಕೊರಡುಗಳ ರಫ್ತು ನಿಲ್ಲಲು, ಸಂಸ್ಥಾನವೇ ತೈಲವನ್ನು ಬಟ್ಟಿಯಿಳಿಸಲು ತೊಡಗಿ, 1918ರಲ್ಲಿ ಸಾಬೂನನ್ನೂ ತಯಾರಿಸಿತು. ಆ ಸಾಬೂನಿನ ಕಾರ್ಖಾನೆಯು 1957ರಲ್ಲಿ ರಾಜಾಜಿನಗರಕ್ಕೆ ಸ್ಥಳಾಂತರವಾಯಿತು. ಹೀಗೆ ಪಶ್ಚಿಮ ಬೆಂಗಳೂರಿಗೆ ಗಂಧದ ಪರಿಮಳವು ಮರದಿಂದಲ್ಲದೆ ಕಾರ್ಖಾನೆಯ ಮುಖಾಂತರ ಬರುವಂತಾದುದು ಕಾಲದ ವಿನೋದವೇ ಸರಿ.

ಕಾವಲಿನಿಂದ ಸುಮನಹಳ್ಳಿಯ ಕಡೆಗೆ ಇಳಿದರೆ ವೃಷಭಾವತಿಯು ಎದುರಾಗುವಳು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಈ ನದಿಯು ಹುಟ್ಟುವುದೆಂದು ಪ್ರತೀತಿ; ಹೆಸರೂ ಅದರಿಂದಲೇ ಬಂದುದು. ಮಲ್ಲೇಶ್ವರದ ಕಡೆಯಿಂದ ಬರುವ ಕವಲು ರಾಜಾಜಿನಗರ, ಬಸವೇಶ್ವರನಗರಗಳ ನೀರನ್ನು ಕೂಡಿಕೊಂಡು ಮೈಸೂರು ರಸ್ತೆಯತ್ತ ಸಾಗುವುದು. ಅಲ್ಲಿಂದ ಮುಂದೆ ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯೊಡನೆ ಬೆರೆತು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ರಾಜಾಜಿನಗರವು 1949ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರ ಹೆಸರಿನಿಂದ ಆರಂಭವಾಯಿತು. ಆಮೇಲೆ ಪೀಣ್ಯದ ಕೈಗಾರಿಕೆಗಳು ಬಂದುವು. ಮನೆಗಳ ಕೊಳಚೆಯೂ ಕಾರ್ಖಾನೆಗಳ ರಾಸಾಯನಿಕವೂ ಇಳಿಜಾರನ್ನೇ ಅನುಸರಿಸಿದುವು. ಮುಂಜಾನೆ ಸೇತುವೆಯ ಮೇಲೆ ನಿಂತರೆ ನೀರು ಕಪ್ಪಾಗಿ, ನೊರೆಯನ್ನು ಹೊತ್ತು ಹರಿಯುವುದು ಕಾಣುತ್ತದೆ. ಆಶ್ಚರ್ಯವೇನೆಂದರೆ, ಈ ಹರಿವು ಕಡುಬೇಸಗೆಯಲ್ಲಿಯೂ ನಿಲ್ಲುವುದಿಲ್ಲ. ಇದಕ್ಕೆ ಕಾರಣವನ್ನು ನಾವು ಬಹುಕಾಲ ಯೋಚಿಸಿರಲಿಲ್ಲ. 1974ರಿಂದ ಸುಮಾರು 100 ಕಿಲೋಮೀಟರು ದೂರದ ಕಾವೇರಿಯ ನೀರನ್ನು ಯಂತ್ರಗಳಿಂದ ಮೇಲೆತ್ತಿ ಬೆಂಗಳೂರಿಗೆ ತರಲಾಗುತ್ತಿದೆ. ನಮ್ಮ ಸ್ನಾನದ ಮನೆಗಳಿಂದ ಹೊರಟ ಅದೇ ನೀರು ವೃಷಭಾವತಿಯ ಪಾತ್ರದಲ್ಲಿ ಹರಿದು ಮರಳಿ ಕಾವೇರಿಗೆ ಹೋಗುತ್ತಿದೆ. ನಿರ್ಮಲವಾಗಿ ಬಂದವಳನ್ನು ನಾವು ಕಳುಹಿಸಿಕೊಡುವ ರೀತಿ ಇದು! ಬೈರಮಂಗಲದ ರೈತರು ಈ ನೀರಿನಿಂದಲೇ ಗದ್ದೆಗಳನ್ನು ತೊಯ್ಯಿಸಿಕೊಳ್ಳಬೇಕಾಗಿದೆ.

ಇಷ್ಟಾದರೂ ಪ್ರಕೃತಿಯು ಸಂಪೂರ್ಣವಾಗಿ ಹಿಂದೆಗೆದಿಲ್ಲ. ಬೆಳ್ಳಕ್ಕಿಗಳು ಕೊಳಚೆಯ ಅಂಚಿನಲ್ಲಿಯೂ ಧ್ಯಾನಸ್ಥವಾಗಿರುತ್ತವೆ. ಹದ್ದುಗಳು ಮೇಲೆ ಸುತ್ತುತ್ತವೆ. ಬೀದಿಯ ಹೊಂಗೆಗಳು ಯುಗಾದಿಯ ಸುಮಾರಿಗೆ ಎಳೆಚಿಗುರನ್ನು ತಪ್ಪದೆ ತಳೆಯುತ್ತವೆ. ಗುಬ್ಬಿಗಳು ಮಾತ್ರ ನಮ್ಮ ಕಣ್ಣಿಗೆ ಬಿದ್ದು ಬಹಳ ದಿನಗಳಾದುವು.

ಕಳೆದ ವರ್ಷ ಒಂದು ಬೆಳಗ್ಗೆ, ಕಾವಲಿನದೇ ಮನೆಯೊಂದರ ಕಾಂಪೌಂಡಿನಲ್ಲಿ ದಾಸವಾಳದ ಗಿಡಗಳ ನಡುವೆ ಆಳೆತ್ತರದ ಗಂಧದ ಸಸಿಯೊಂದು ಕಂಡಿತು. ನೆಟ್ಟವರಾರೆಂದು ಮನೆಯ ಹಿರಿಯರನ್ನು ಕೇಳಿದೆವು. "ಯಾರೂ ನೆಟ್ಟುದಲ್ಲ ಸ್ವಾಮಿ, ಪಿಕಳಾರದ ಹಕ್ಕಿ ತಂದುಹಾಕಿದ್ದಿರಬೇಕು" ಎಂದರು. ತರುವಾಯ ದನಿಯನ್ನು ತಗ್ಗಿಸಿ, ಕಳ್ಳರ ಕಾಟವಿರುವುದರಿಂದ ಬೀದಿಯ ಹೆಸರನ್ನು ಎಲ್ಲಿಯೂ ಹೇಳಬಾರದೆಂದು ಕೇಳಿಕೊಂಡರು. ಅವರಿಗೆ ಮಾತು ಕೊಟ್ಟಿರುವುದರಿಂದ ಇಲ್ಲಿಯೂ ಅದನ್ನು ಬರೆದಿಲ್ಲ.