ಸರ್ವರ್‌ನ ತುಂಬಿದ ಸಿಸ್ಟಮ್ ಪಾರ್ಟಿಷನ್ ಅನ್ನು ಸುರಕ್ಷಿತವಾಗಿ ವಿಸ್ತರಿಸುವ ವಿಧಾನ

ಸಾರ್ವಜನಿಕರ ಮಾಹಿತಿಗಾಗಿ

ಇಲಾಖೆಯ ಸೇವೆಗಳಿಗೆ ಅರ್ಜಿ ಸಿದ್ಧಪಡಿಸಿ ಸಲ್ಲಿಸುವ ಸೇವಾ ಕೇಂದ್ರಗಳು, ಸಹಕಾರ ಸಂಘಗಳು ಹಾಗೂ ವಿದ್ಯಾಸಂಸ್ಥೆಗಳ ಪೈಕಿ ಹಲವು ತಮ್ಮದೇ ಸರ್ವರ್ ಹೊಂದಿರುತ್ತವೆ. ಅಂತಹ ಸರ್ವರ್‌ನ ಸಿ ಡ್ರೈವ್ ತುಂಬಿದಾಗ ದತ್ತಾಂಶ ಕೋಶವು ಹೊಸ ದಾಖಲೆಗಳನ್ನು ಸ್ವೀಕರಿಸುವುದಿಲ್ಲ, ಭದ್ರತಾ ನವೀಕರಣಗಳು ಅನುಸ್ಥಾಪನೆಗೊಳ್ಳುವುದಿಲ್ಲ, ಅರ್ಜಿದಾರರಿಗೆ ಸ್ವೀಕೃತಿ ಪತ್ರ ನೀಡುವುದೂ ನಿಂತುಹೋಗಬಹುದು. ಸಾಲಿನಲ್ಲಿ ಜನ ನಿಂತಿರುವಾಗ ಆತುರದಿಂದ ಕೈಗೊಳ್ಳುವ ದುರಸ್ತಿಯಿಂದ ಮೂಲ ದೋಷಕ್ಕಿಂತ ಹೆಚ್ಚಿನ ನಷ್ಟವಾಗುವ ಸಂಭವವಿರುವುದರಿಂದ ಈ ಮಾಹಿತಿಯನ್ನು ಒದಗಿಸಲಾಗಿದೆ.

ಪಾರ್ಟಿಷನ್ ವಿಸ್ತರಿಸುವ ಕೆಲಸ ತಾನಾಗಿ ಕೆಲವೇ ನಿಮಿಷಗಳದ್ದು. ಅದು ಸುರಕ್ಷಿತವೇ ಎಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಮರಳಿ ಚಾಲನೆಗೊಳ್ಳುವುದೆಂದು ಪರೀಕ್ಷಿಸಿದ ಬ್ಯಾಕಪ್ ಇದೆಯೇ ಹಾಗೂ ಸಿ ಡ್ರೈವ್‌ನ ಬಲಬದಿಯಲ್ಲಿ ಏನಿದೆ.

ವಿಸ್ತರಣೆ ನಿಜವಾಗಿಯೂ ಅಗತ್ಯವೇ?

ಮೊದಲು ಸ್ಥಳ ಯಾವುದರಿಂದ ತುಂಬಿದೆ ಎಂಬುದನ್ನು ಪರಿಶೀಲಿಸತಕ್ಕದ್ದು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಸರ್ವರ್‌ಗೆ ಸೂಚಿಸಿರುವ 32 ಜಿಬಿ ಕನಿಷ್ಠ ಮಿತಿ ಮಾತ್ರ. ಕೆಲವು ವರ್ಷಗಳ ನವೀಕರಣಗಳ ನಂತರ ಅದು ಸಾಲುವುದಿಲ್ಲ. ಆದರೂ ಹಲವು ಪ್ರಕರಣಗಳಲ್ಲಿ ಕಾರಣ ಬೇರೆಯೇ ಆಗಿರುತ್ತದೆ. ಐಐಎಸ್ ಜಾಲ ಸೇವೆಯು ಸಿ ಡ್ರೈವ್‌ನ ಇನೆಟ್‌ಪಬ್ ಕಡತಕೋಶದಲ್ಲಿ ಪ್ರತಿ ದಿನ ಲಾಗ್ ಬರೆಯುತ್ತದೆ ಮತ್ತು ಹಳೆಯದನ್ನು ತಾನಾಗಿ ಅಳಿಸುವುದಿಲ್ಲ. ಯಾರೋ ಸಿ ಡ್ರೈವ್‌ನಲ್ಲಿಯೇ ಇಟ್ಟು ಮರೆತ ದತ್ತಾಂಶ ಕೋಶದ ಬ್ಯಾಕಪ್ ಕಡತಗಳೂ ಅಲ್ಲಿರಬಹುದು.

ಲಾಗ್ ಕಡತಗಳನ್ನು ಏಕಾಏಕಿ ಅಳಿಸಬಾರದು. 28-04-2022ರಂದು ಸರ್ಟ್-ಇನ್ ಸಂಸ್ಥೆಯು ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕಲಂ 70ಬಿ ಅಡಿಯಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾದಾತರು, ನಿಗಮಿತ ಸಂಸ್ಥೆಗಳು ಹಾಗೂ ಸರ್ಕಾರಿ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಅವಧಿಗೆ ಉಳಿಸಿಕೊಂಡಿರಬೇಕು. ಆದ್ದರಿಂದ ಅವುಗಳನ್ನು ಬೇರೆ ಡಿಸ್ಕ್‌ಗೆ ವರ್ಗಾಯಿಸುವುದು ಸೂಕ್ತ. ವಿಂಡೋಸ್ ಕೋಶದೊಳಗಿನ ವಿನ್‌ಎಸ್‌ಎಕ್ಸ್‌ಎಸ್ ಭಾಗವನ್ನು ಕೈಯಾರೆ ಅಳಿಸತಕ್ಕದ್ದಲ್ಲ. ಅದನ್ನು ಡಿಸ್ಮ್ ಎಂಬ ಉಪಕರಣದ ಘಟಕ ಶುದ್ಧೀಕರಣ ಆಯ್ಕೆಯ ಮೂಲಕ ಕಡಿಮೆಗೊಳಿಸಬಹುದು. ಅದೇ ಉಪಕರಣದ 'ರೀಸೆಟ್‌ಬೇಸ್' ಆಯ್ಕೆ ಬಳಸಿದಲ್ಲಿ, ಈಗಾಗಲೇ ಅನುಸ್ಥಾಪಿಸಿದ ನವೀಕರಣಗಳನ್ನು ಮುಂದೆ ಹಿಂತೆಗೆಯಲು ಬರುವುದಿಲ್ಲ.

ಬ್ಯಾಕಪ್

ವಿಂಡೋಸ್ ಸರ್ವರ್ ಬ್ಯಾಕಪ್ ಸೌಲಭ್ಯವು 2008ರ ಆವೃತ್ತಿಯಿಂದ ಲಭ್ಯವಿದ್ದು, ಅದನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗುತ್ತದೆ. ಕೇವಲ ಕಡತಗಳ ಪ್ರತಿ ಸಾಲದು. ಖಾಲಿ ಯಂತ್ರದ ಮೇಲೂ ಪುನಃ ಸ್ಥಾಪಿಸಬಹುದಾದ 'ಬೇರ್ ಮೆಟಲ್' ಬ್ಯಾಕಪ್ ಅನ್ನು ಹೊರಗಿನ ಡಿಸ್ಕ್‌ಗೆ ತೆಗೆದುಕೊಳ್ಳತಕ್ಕದ್ದು. ನಂತರ ಅದನ್ನು ಮತ್ತೊಂದು ಯಂತ್ರದಲ್ಲಿ ಅಥವಾ ವರ್ಚುವಲ್ ಯಂತ್ರದಲ್ಲಿ ಪುನಃ ಸ್ಥಾಪಿಸಿ, ಲಾಗಿನ್ ಪುಟ ತೆರೆಯುವವರೆಗೆ ನೋಡಬೇಕು. ಈ ಪರೀಕ್ಷೆಗೆ ಅರ್ಧ ದಿನ ಬೇಕಾಗಬಹುದು. ಅಷ್ಟು ಸಮಯವಿಲ್ಲವೆಂದಾದರೆ ವಿಸ್ತರಣೆಯನ್ನೇ ಮುಂದೂಡುವುದು ಲೇಸು.

ಸ್ನ್ಯಾಪ್‌ಶಾಟ್ ಅನ್ನು ಬ್ಯಾಕಪ್ ಎಂದು ಪರಿಗಣಿಸುವಂತಿಲ್ಲ. ಅದು ಅದೇ ಸಂಗ್ರಹಣಾ ಸಾಧನದ ಮೇಲಿರುತ್ತದೆ. ಮೇಲಾಗಿ ವಿಎಂವೇರ್ ವ್ಯವಸ್ಥೆಯಲ್ಲಿ ಸ್ನ್ಯಾಪ್‌ಶಾಟ್ ಇರುವ ತನಕ ವರ್ಚುವಲ್ ಡಿಸ್ಕ್‌ನ ಗಾತ್ರ ಹೆಚ್ಚಿಸಲು ಅವಕಾಶವಿರುವುದಿಲ್ಲ.

ಕನ್ನಡದ ಹಳೆಯ ದಾಖಲೆಗಳನ್ನು ಹೊಂದಿರುವ ಕಚೇರಿಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಯೂನಿಕೋಡ್ ಪೂರ್ವದ ನುಡಿ ಅಥವಾ ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ವಹಿಗಳು ಆಯಾ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಆ ಅಕ್ಷರಶೈಲಿ ಕಡತಗಳು ಇರುವುದು ಸಿ ಡ್ರೈವ್‌ನ ವಿಂಡೋಸ್ ಕೋಶದಲ್ಲಿ. ದಾಖಲೆಗಳನ್ನು ಮಾತ್ರ ನಕಲಿಸಿ ಅಕ್ಷರಶೈಲಿಯನ್ನು ಬಿಟ್ಟಲ್ಲಿ, ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಬೇಕಾಗಿ ಬಂದಾಗ ವಹಿಗಳಿದ್ದೂ ಓದಲಾಗದ ಸ್ಥಿತಿ ಉಂಟಾಗುತ್ತದೆ. ಇವುಗಳನ್ನು ಪ್ರತ್ಯೇಕವಾಗಿ ತೆಗೆದಿರಿಸಲು ಕೋರಲಾಗಿದೆ.

ಡಿಸ್ಕ್‌ಗೆ ಬಿಟ್‌ಲಾಕರ್ ರಕ್ಷಣೆ ಇದ್ದಲ್ಲಿ ಅದನ್ನು ತಾತ್ಕಾಲಿಕವಾಗಿ ಅಮಾನತುಗೊಳಿಸಿ, 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕಾಗದದಲ್ಲಿ ಬರೆದು ಭದ್ರಪಡಿಸತಕ್ಕದ್ದು.

ಬಲಬದಿಯಲ್ಲಿ ಏನಿದೆ?

ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯಲ್ಲಿ ಪಾರ್ಟಿಷನ್‌ಗಳು ಎಡದಿಂದ ಬಲಕ್ಕೆ, ಜಮೀನಿನ ನಕ್ಷೆಯಲ್ಲಿ ಹಿಸ್ಸೆಗಳಿರುವಂತೆ ಕಾಣುತ್ತವೆ. ಸಿ ಡ್ರೈವ್‌ಗೆ ಅದೇ ಡಿಸ್ಕ್‌ನಲ್ಲಿ ಬಲಭಾಗಕ್ಕೆ ಅಂಟಿಕೊಂಡಿರುವ ಹಂಚಿಕೆಯಾಗದ ಸ್ಥಳವನ್ನು ಮಾತ್ರ ಸೇರಿಸಿಕೊಳ್ಳಬಹುದು. ಎಡಬದಿಯಲ್ಲಿ ಅಥವಾ ಮತ್ತೊಂದು ಪಾರ್ಟಿಷನ್‌ನ ಆಚೆಗೆ ಎಷ್ಟೇ ಸ್ಥಳವಿದ್ದರೂ ಉಪಯೋಗವಿಲ್ಲ. ಅಂತಹ ಸಂದರ್ಭದಲ್ಲಿ ಡಿಸ್ಕ್ ಅನ್ನು 'ಡೈನಾಮಿಕ್' ಆಗಿ ಪರಿವರ್ತಿಸುವ ಸೂಚನೆ ಪರದೆಯಲ್ಲಿ ಬಂದರೆ ಒಪ್ಪಬಾರದು. ಆ ಪದ್ಧತಿಯ ಬಳಕೆಯನ್ನು ಮೈಕ್ರೋಸಾಫ್ಟ್ ಈಗ ಶಿಫಾರಸು ಮಾಡುವುದಿಲ್ಲ. ಎಂಬಿಆರ್ ಮಾದರಿಯ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ 2 ಟಿಬಿ ಮೀರಿದ ಸ್ಥಳ ಬಳಕೆಗೆ ಬರುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು.

ಬಲಭಾಗ ಖಾಲಿ ಇದ್ದಲ್ಲಿ ಕೆಲಸ ಸುಲಭ: ಸಿ ಡ್ರೈವ್‌ನ ಮೇಲೆ ಬಲ ಕ್ಲಿಕ್ ಮಾಡಿ 'ಎಕ್ಸ್‌ಟೆಂಡ್ ವಾಲ್ಯೂಮ್' ಆಯ್ಕೆ ಮಾಡಿದರೆ ಸಾಕು, ಸರ್ವರ್ ಅನ್ನು ಮರುಪ್ರಾರಂಭಿಸುವ ಅಗತ್ಯವೂ ಇರುವುದಿಲ್ಲ. ವಿಂಡೋಸ್ ಸರ್ವರ್ 2003ರಲ್ಲಿ ಸಿಸ್ಟಮ್ ಪಾರ್ಟಿಷನ್‌ಗೆ ಈ ಅವಕಾಶ ಇರಲಿಲ್ಲ. 2008ರ ಆವೃತ್ತಿಯಿಂದ ಬಂದಿದೆ. 2003ರ ಆವೃತ್ತಿಗೆ ಬೆಂಬಲ 14-07-2015ರಂದೇ ಮುಕ್ತಾಯಗೊಂಡಿರುವುದರಿಂದ, ಅದನ್ನು ಇನ್ನೂ ನಡೆಸುತ್ತಿರುವ ಸಂಸ್ಥೆಗಳು ವಿಸ್ತರಣೆಗೆ ಶ್ರಮಪಡುವುದಕ್ಕಿಂತ ಹೊಸ ಸರ್ವರ್‌ಗೆ ವರ್ಗಾವಣೆಗೊಳ್ಳುವುದು ಸೂಕ್ತ.

ಮರುಪಡೆಯುವ ಪಾರ್ಟಿಷನ್ ಅಡ್ಡ ಬಂದಾಗ

ವಿಂಡೋಸ್ ಸರ್ವರ್ 2022ರ ಸಾಮಾನ್ಯ ಅನುಸ್ಥಾಪನೆಯಲ್ಲಿ 'ರಿಕವರಿ' ಎಂಬ ಸಣ್ಣ ಪಾರ್ಟಿಷನ್ ಸಿ ಡ್ರೈವ್‌ನ ಬಲಬದಿಯಲ್ಲಿಯೇ ಕೂರುತ್ತದೆ. ವರ್ಚುವಲ್ ಡಿಸ್ಕ್ ಅನ್ನು ಹಿಗ್ಗಿಸಿದಾಗ ಹೊಸ ಸ್ಥಳ ಅದರ ಆಚೆಗೆ ಬೀಳುವುದರಿಂದ 'ಎಕ್ಸ್‌ಟೆಂಡ್' ಆಯ್ಕೆ ಮಸುಕಾಗಿ ಕಾಣುತ್ತದೆ. ಅದನ್ನು ಅಳಿಸಿ ಮುಂದುವರೆಯುವ ಸಲಹೆ ಎಲ್ಲೆಡೆ ಸಿಗುತ್ತದೆ; ಮತ್ತೆ ನಿರ್ಮಿಸುವ ಮಾತು ಅಪರೂಪ. ಸರ್ವರ್ ಚಾಲನೆಗೊಳ್ಳದ ದಿನ ನೆರವಿಗೆ ಬರಬೇಕಾದುದು ಇದೇ ಪಾರ್ಟಿಷನ್.

ಕ್ರಮ ಹೀಗಿದೆ. ಆಡಳಿತಾಧಿಕಾರವುಳ್ಳ ಕಮಾಂಡ್ ಕಿಟಕಿಯಲ್ಲಿ ರೀಏಜೆಂಟ್‌ಸಿ ಆದೇಶವನ್ನು 'ಇನ್ಫೋ' ಆಯ್ಕೆಯೊಡನೆ ನೀಡಿ, ಮರುಪಡೆಯುವ ವ್ಯವಸ್ಥೆ ಯಾವ ಡಿಸ್ಕ್‌ನ ಎಷ್ಟನೇ ಪಾರ್ಟಿಷನ್‌ನಲ್ಲಿದೆ ಎಂಬುದನ್ನು ಬರೆದುಕೊಳ್ಳಬೇಕು. ನಂತರ 'ಡಿಸೇಬಲ್' ಆಯ್ಕೆ ನೀಡಿದಲ್ಲಿ ಅದರ ಮುಖ್ಯ ಕಡತವಾದ ವಿನ್‌ಆರ್‌ಇ ಸಿ ಡ್ರೈವ್‌ನ ಸಿಸ್ಟಮ್32 ಕೋಶದೊಳಗಿನ ರಿಕವರಿ ಕೋಶಕ್ಕೆ ಮರಳುತ್ತದೆ. ಆ ಕಡತ ಅಲ್ಲಿಗೆ ಬಂದಿರುವುದನ್ನು ಕಣ್ಣಾರೆ ಕಂಡ ಹೊರತು ಮುಂದಿನ ಹೆಜ್ಜೆ ಇಡತಕ್ಕದ್ದಲ್ಲ. ಅದು ಗುಪ್ತ ಕಡತವಾಗಿರುವುದರಿಂದ ಸಾಮಾನ್ಯ ನೋಟಕ್ಕೆ ಕಾಣುವುದಿಲ್ಲ.

ಈ ಪಾರ್ಟಿಷನ್ ಅನ್ನು ಡಿಸ್ಕ್‌ಪಾರ್ಟ್ ಆದೇಶದ ಮೂಲಕ, 'ಓವರ್‌ರೈಡ್' ಪದ ಸೇರಿಸಿ ಅಳಿಸಬೇಕಾಗುತ್ತದೆ. ಇಡೀ ಕಾರ್ಯದಲ್ಲಿ ಅತ್ಯಂತ ಅಪಾಯಕಾರಿ ಕ್ಷಣ ಇದೇ. ಈ ಪದ ಸೇರಿಸಿದ ಮೇಲೆ ಡಿಸ್ಕ್‌ಪಾರ್ಟ್ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಆಯ್ಕೆ ಮಾಡಿದ ಪಾರ್ಟಿಷನ್ ಸರ್ವರ್ ಅನ್ನು ಚಾಲನೆಗೊಳಿಸುವ ಇಎಫ್‌ಐ ಭಾಗವೇ ಆಗಿದ್ದರೂ ಅಳಿಸಿಬಿಡುತ್ತದೆ. ಆಗ ಸರ್ವರ್ ಮುಂದಿನ ಮರುಪ್ರಾರಂಭದವರೆಗೆ ಏನೂ ಆಗಿಲ್ಲವೆಂಬಂತೆ ನಡೆಯುತ್ತಿದ್ದು, ಅನಂತರ ಏಳುವುದೇ ಇಲ್ಲ. ಆದ್ದರಿಂದ ಪಾರ್ಟಿಷನ್‌ಗಳ ಪಟ್ಟಿ ತೆಗೆದು, ನಕ್ಷತ್ರ ಚಿಹ್ನೆ ಯಾವುದರ ಮುಂದಿದೆ ಎಂದು ನೋಡಿ, ಸಂಖ್ಯೆ, ಬಗೆ ಮತ್ತು ಗಾತ್ರ ಮೂರನ್ನೂ ಮೊದಲು ಬರೆದುಕೊಂಡ ವಿವರದೊಡನೆ ತಾಳೆ ಹಾಕಬೇಕು. ಸಾಧ್ಯವಿದ್ದಲ್ಲಿ ಇನ್ನೊಬ್ಬರು ಗಟ್ಟಿಯಾಗಿ ಓದಿ ಹೇಳುವುದು ಒಳ್ಳೆಯದು.

ವಿಸ್ತರಿಸುವಾಗ ಸ್ಥಳವನ್ನು ಪೂರ್ತಿ ತೆಗೆದುಕೊಳ್ಳದೆ ಕೊನೆಯಲ್ಲಿ 1 ಜಿಬಿ ಬಿಡತಕ್ಕದ್ದು. ಉದಾಹರಣೆಗೆ, ಡಿಸ್ಕ್ ಅನ್ನು 60 ಜಿಬಿಯಿಂದ 100 ಜಿಬಿಗೆ ಹಿಗ್ಗಿಸಿದಲ್ಲಿ ಹೊಸ ಸ್ಥಳ 40960 ಎಂಬಿ. ಅದರಲ್ಲಿ 1024 ಕಳೆದು 39936 ಎಂಬಿಯಷ್ಟು ಮಾತ್ರ ಸಿ ಡ್ರೈವ್‌ಗೆ ಸೇರಿಸಬೇಕು. ಉಳಿದ ಭಾಗದಲ್ಲಿ ಎನ್‌ಟಿಎಫ್‌ಎಸ್ ಪಾರ್ಟಿಷನ್ ರಚಿಸಿ, ಮರುಪಡೆಯುವ ಪಾರ್ಟಿಷನ್‌ಗೆ ನಿಗದಿಯಾದ ಗುರುತನ್ನು ನೀಡಬೇಕು. ಎಂಬಿಆರ್ ಡಿಸ್ಕ್‌ನಲ್ಲಿ ಈ ಗುರುತು 27. ಜಿಪಿಟಿ ಡಿಸ್ಕ್‌ನಲ್ಲಿ ಉದ್ದನೆಯ ಗುರುತುಸಂಖ್ಯೆ ಇರುವುದರಿಂದ ಮೈಕ್ರೋಸಾಫ್ಟ್‌ನ ಕೈಪಿಡಿಯಿಂದ ನಕಲಿಸುವುದು ಕ್ಷೇಮ. ಡ್ರೈವ್ ಅಕ್ಷರ ಕೊಟ್ಟಿದ್ದಲ್ಲಿ ತೆಗೆದುಹಾಕಬೇಕು. ಅಂತಿಮವಾಗಿ ರೀಏಜೆಂಟ್‌ಸಿ ಆದೇಶದ 'ಎನೇಬಲ್' ಮತ್ತು 'ಇನ್ಫೋ' ಆಯ್ಕೆಗಳನ್ನು ನೀಡಿ ಸ್ಥಿತಿಯನ್ನು ಖಚಿತಪಡಿಸಿಕೊಳ್ಳತಕ್ಕದ್ದು.

1 ಜಿಬಿ ಬಿಡಲು ಕಾರಣವಿದೆ. 09-01-2024ರಂದು ಬಿಡುಗಡೆಯಾದ ಭದ್ರತಾ ನವೀಕರಣಕ್ಕೆ ಮರುಪಡೆಯುವ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಸ್ಥಳ ಬೇಕಾಗಿತ್ತು. ಅಷ್ಟು ಸ್ಥಳವಿಲ್ಲದ ವಿಂಡೋಸ್ 10 ಮತ್ತು ಸರ್ವರ್ 2022 ಯಂತ್ರಗಳಲ್ಲಿ ಅದು ವಿಫಲವಾಯಿತು.

ಪಕ್ಕದಲ್ಲಿ ಡಿ ಡ್ರೈವ್ ಇದ್ದಲ್ಲಿ

ಭೌತಿಕ ಸರ್ವರ್‌ಗಳಲ್ಲಿ ಸಿ ಡ್ರೈವ್‌ನ ಪಕ್ಕಕ್ಕೆ ದತ್ತಾಂಶ ತುಂಬಿದ ಡಿ ಡ್ರೈವ್ ಇರುವುದು ಸಾಮಾನ್ಯ. ಡಿ ಡ್ರೈವ್ ಅನ್ನು ಬಲಕ್ಕೆ ಸರಿಸುವ ಖಾಸಗಿ ತಂತ್ರಾಂಶಗಳು ದೊರೆಯುತ್ತವೆ. ಆದರೆ ಸರಿಸುವುದೆಂದರೆ ಅದರಲ್ಲಿರುವ ದತ್ತಾಂಶವನ್ನೆಲ್ಲ ಎತ್ತಿ ಬೇರೆಡೆ ಬರೆಯುವುದು. ಗಂಟೆಗಟ್ಟಲೆ ನಡೆಯುವ ಈ ಕೆಲಸದ ನಡುವೆ ವಿದ್ಯುತ್ ಹೋದರೆ ಡಿ ಡ್ರೈವ್ ಪೂರ್ತಿ ಕೈತಪ್ಪಬಹುದು. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಖಚಿತವಾಗಿ ತಿಳಿಯದ ಕಚೇರಿಗಳು ಈ ಮಾರ್ಗ ಹಿಡಿಯಬಾರದು. ಡಿ ಡ್ರೈವ್‌ನ ಕಡತಗಳನ್ನು ಬಳಕೆದಾರರ ಅನುಮತಿಗಳ ಸಹಿತ ಹೊರಗಿನ ಡಿಸ್ಕ್‌ಗೆ ನಕಲಿಸಿ, ಪರಿಶೀಲಿಸಿ, ಡಿ ಅಳಿಸಿ, ಸಿ ವಿಸ್ತರಿಸಿ, ಡಿ ಅನ್ನು ಮರಳಿ ರಚಿಸುವುದು ನಿಧಾನವಾದರೂ ನಂಬಿಕೆಗೆ ಅರ್ಹ. ಮೊದಲು ದತ್ತಾಂಶ ಕೋಶದ ಸೇವೆಯನ್ನು ನಿಲ್ಲಿಸಿರಬೇಕು.

ಲಿನಕ್ಸ್ ಸರ್ವರ್‌ಗಳಿಗೆ

ಎಲ್‌ವಿಎಂ ಪದ್ಧತಿಯಲ್ಲಿ ಅನುಸ್ಥಾಪಿಸಿದ ಸರ್ವರ್‌ಗಳಲ್ಲಿ ಹೊಸ ಡಿಸ್ಕ್ ಸೇರಿಸಿಯೂ ಮೂಲ ವಿಭಾಗವನ್ನು ಹಿಗ್ಗಿಸಬಹುದಾಗಿದ್ದು, ಸ್ಥಳ ಪಕ್ಕದಲ್ಲಿಯೇ ಇರಬೇಕೆಂಬ ನಿರ್ಬಂಧವಿಲ್ಲ. ಎಲ್‌ವಿಎಕ್ಸ್‌ಟೆಂಡ್ ಆದೇಶದಿಂದ ವಿಭಾಗ ಹಿಗ್ಗಿದ ಮೇಲೆ ಅದರೊಳಗಿನ ಕಡತ ವ್ಯವಸ್ಥೆಯನ್ನೂ ಹಿಗ್ಗಿಸತಕ್ಕದ್ದು: ಇಎಕ್ಸ್‌ಟಿ4 ಇದ್ದಲ್ಲಿ ರೀಸೈಜ್2ಎಫ್‌ಎಸ್, ಎಕ್ಸ್‌ಎಫ್‌ಎಸ್ ಇದ್ದಲ್ಲಿ ಎಕ್ಸ್‌ಎಫ್‌ಎಸ್ ಗ್ರೋಎಫ್‌ಎಸ್. ಇದನ್ನು ಮರೆತಾಗ ಡಿಸ್ಕ್ ದೊಡ್ಡದಾಗಿದ್ದರೂ ಖಾಲಿ ಸ್ಥಳ ಮೊದಲಿನಷ್ಟೇ ಕಾಣುತ್ತದೆ. ಎಕ್ಸ್‌ಎಫ್‌ಎಸ್ ಅನ್ನು ಹಿಗ್ಗಿಸಿದ ನಂತರ ಕಿರಿದುಗೊಳಿಸಬಹುದೆಂಬ ಭರವಸೆ ಇಟ್ಟುಕೊಳ್ಳಬಾರದು. ಆದ್ದರಿಂದ ಒಮ್ಮೆಗೆ ಬೇಕಾದಷ್ಟನ್ನೇ ನೀಡಿ. ಅಳಿಸಿದ ಲಾಗ್ ಕಡತವನ್ನು ಯಾವುದಾದರೂ ಸೇವೆ ಇನ್ನೂ ತೆರೆದಿಟ್ಟುಕೊಂಡಿದ್ದರೆ ಅದರ ಸ್ಥಳ ಬಿಡುಗಡೆಯಾಗುವುದಿಲ್ಲ. ಅಂತಹ ಪ್ರಕರಣದಲ್ಲಿ ಆ ಸೇವೆಯನ್ನು ಮರುಪ್ರಾರಂಭಿಸಿದರೆ ಸಾಕು.

ಕಾರ್ಯದ ನಂತರ

ಸರ್ವರ್ ಅನ್ನು ಒಮ್ಮೆ ಮರುಪ್ರಾರಂಭಿಸಿ, ಬಿಟ್‌ಲಾಕರ್ ಮತ್ತೆ ಜಾರಿಯಲ್ಲಿರುವುದನ್ನು ನೋಡಿ, ಒಂದು ಅರ್ಜಿಯನ್ನು ಪರೀಕ್ಷಾರ್ಥವಾಗಿ ಭರ್ತಿ ಮಾಡಿ ಅದು ದತ್ತಾಂಶ ಕೋಶದಲ್ಲಿ ಉಳಿಯುವುದನ್ನು ಪರಿಶೀಲಿಸತಕ್ಕದ್ದು. ಈ ಕಾರ್ಯಕ್ಕೆ ಅರ್ಜಿ ಸಲ್ಲಿಕೆಯ ಕೊನೆಯ ದಿನಾಂಕದ ಹಿಂದಿನ ವಾರವನ್ನು ಆರಿಸಬಾರದು. ಹಳೆಯ ಬ್ಯಾಕಪ್ ಡಿಸ್ಕ್ ಮೇಲೆ ದಿನಾಂಕ ಬರೆದು, ಹೊಸ ಗಾತ್ರದ ಪೂರ್ಣ ಬ್ಯಾಕಪ್ ತೆಗೆದು ಪರೀಕ್ಷಿಸುವವರೆಗೆ ಅದನ್ನು ಬೇರೆ ಬಳಕೆಗೆ ನೀಡದೆ ಕಾಯ್ದಿರಿಸಲು ಕೋರಲಾಗಿದೆ.