ಸೂಜಿಗಿಂತ ಮೊದಲು ಋತು

ಆಕ್ಯುಪಂಕ್ಚರ್ ಎಂದೊಡನೆ ನಮಗೆ ನೆನಪಾಗುವುದು ಸೂಜಿ. ಆ ಹೆಸರು ಹೇಳುವುದೂ ಅಷ್ಟನ್ನೇ: ಲ್ಯಾಟಿನ್ ಭಾಷೆಯಲ್ಲಿ ‘ಆಕುಸ್’ ಎಂದರೆ ಸೂಜಿ, ‘ಪುಂಕ್ತೂರಾ’ ಎಂದರೆ ಚುಚ್ಚುವಿಕೆ. ಜಪಾನಿನ ನಾಗಸಾಕಿಯಲ್ಲಿದ್ದ ಡಚ್ಚರ ಕೋಠಿಯಲ್ಲಿ ವೈದ್ಯನಾಗಿ ಸೇವೆ ಸಲ್ಲಿಸಿದ್ದ ವಿಲೆಮ್ ಟೆನ್ ರೈನೆ 1683ರಲ್ಲಿ ಪ್ರಕಟಿಸಿದ ಗ್ರಂಥ ಈ ಪದವನ್ನು ಯುರೋಪಿಗೆ ಪರಿಚಯಿಸಿತು. ಚೀನೀಯರಾದರೋ ಈ ವಿದ್ಯೆಯನ್ನು ‘ಝೆನ್‌ಜಿಯು’ ಎನ್ನುತ್ತಾರೆ. ಸೂಜಿಯ ಜೊತೆಗೆ, ಮಾಚಿಪತ್ರೆಯ ಜಾತಿಯ ಗಿಡದ ಒಣ ಎಲೆಯನ್ನು ಸುಟ್ಟು ಮೈಗೆ ಕಾವು ಕೊಡುವುದೂ ಆ ಹೆಸರಿನಲ್ಲಿ ಸೇರಿದೆ.

ಕಾವು ಕೊಡುವ ಪದ್ಧತಿಯೇ ಹೆಚ್ಚು ಹಳೆಯದಿರಬಹುದು. ಮಾವಾಂಗ್‌ಡುಯಿ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಲಾಗಿದ್ದ ಸಮಾಧಿಯೊಂದನ್ನು 1973ರಲ್ಲಿ ತೆರೆದಾಗ ವೈದ್ಯಕೀಯ ಹಸ್ತಪ್ರತಿಗಳು ದೊರೆತವು. ದೇಹದ ಹನ್ನೊಂದು ನಾಳಗಳ ವಿವರ ಅವುಗಳಲ್ಲಿದೆ, ಕಾವಿನ ಚಿಕಿತ್ಸೆಯೂ ಇದೆ, ಸೂಜಿಚಿಕಿತ್ಸೆಯ ಮಾತಿಲ್ಲ.

ಹಾನ್ ವಂಶದ ಕಾಲದಲ್ಲಿ ರೂಪುಗೊಂಡ ‘ಹುವಾಂಗ್‌ಡಿ ನೇಯ್‌ಜಿಂಗ್’ ಎಂಬ ಗ್ರಂಥದಲ್ಲಿ ಸೂಜಿಗೆ ದೊಡ್ಡ ಸ್ಥಾನ ದೊರೆಯಿತು. ಆದರೂ ಅದರ ಆರಂಭ ಸೂಜಿಯಿಂದಲ್ಲ. ಹಿಂದಿನವರು ನೂರು ವರ್ಷ ದಾಟಿ ಬಾಳುತ್ತಿದ್ದರಲ್ಲ, ಈಗಿನವರು ಐವತ್ತಕ್ಕೇ ಕುಗ್ಗುವುದೇಕೆ ಎಂದು ಪೀತ ಸಾಮ್ರಾಟನು ಚಿಬೋ ಎಂಬ ಜ್ಞಾನಿಯನ್ನು ಕೇಳುತ್ತಾನೆ. ಹಿಂದಿನವರು ‘ತಾವೋ’ ಅಂದರೆ ಸೃಷ್ಟಿಯ ಸಹಜ ಮಾರ್ಗವನ್ನು ಅರಿತಿದ್ದರು, ಊಟದಲ್ಲಿ ಮಿತಿಯನ್ನೂ ನಿದ್ರೆಯಲ್ಲಿ ಕ್ರಮವನ್ನೂ ಪಾಲಿಸುತ್ತಿದ್ದರು ಎಂಬುದು ಅವನ ಉತ್ತರದ ಸಾರ. ಮುಂದೆ ಋತುಚರ್ಯೆಯ ವಿವರ ಬರುತ್ತದೆ: ವಸಂತದಲ್ಲಿ ಬೇಗನೆ ಏಳಬೇಕು, ಚಳಿಗಾಲದಲ್ಲಿ ಬೇಗ ಮಲಗಿ, ಬಿಸಿಲು ಬಂದ ಮೇಲೆ ಏಳಬೇಕು.

ಈ ದೃಷ್ಟಿಯಲ್ಲಿ ದೇಹವು ಜಗತ್ತಿನ ಪ್ರತಿರೂಪ. ಹನ್ನೆರಡು ನಾಳಗಳನ್ನು ಚೀನಾದ ಹನ್ನೆರಡು ನದಿಗಳಿಗೂ, ಮೈಮೇಲಿನ ಬಿಂದುಗಳನ್ನು ವರ್ಷದ 365 ದಿನಗಳಿಗೂ ಆ ಗ್ರಂಥ ಹೋಲಿಸುತ್ತದೆ. ಋತುವಿಗೆ ತಕ್ಕಂತೆ ಸೂಜಿ ಚುಚ್ಚುವ ಆಳವೂ ಬದಲಾಗಬೇಕಿತ್ತು. ಪ್ರಕೃತಿಯೊಡನೆ ಕಡಿದ ಸಂಬಂಧವನ್ನು ಮತ್ತೆ ಕೂಡಿಸುವುದೇ ಚಿಕಿತ್ಸೆಯೆನಿಸಿತ್ತು.

ಏಳನೆಯ ಶತಮಾನದ ತಾವೋ ವೈದ್ಯ ಸುನ್ ಸಿಮಿಯಾವೋ ಇದಕ್ಕೆ ಕರುಣೆಯನ್ನೂ ಸೇರಿಸಿದನು. ಬಡವ-ಬಲ್ಲಿದ, ಮಿತ್ರ-ಶತ್ರು, ಸ್ವದೇಶಿ-ವಿದೇಶಿ ಎಂಬ ಭೇದವಿಲ್ಲದೆ ರೋಗಿಗಳೆಲ್ಲರನ್ನೂ ಸಮಾನವಾಗಿ ಕಾಣಬೇಕೆಂದು ಅವನು ವೈದ್ಯರಿಗೆ ಬೋಧಿಸಿದನು.

ಕಾಲಚಕ್ರ ಉರುಳಿತು. 1822ರಲ್ಲಿ ಚೀನಾದ ಸಾಮ್ರಾಟನೇ ತನ್ನ ಆಸ್ಥಾನದ ವೈದ್ಯಶಾಲೆಯಿಂದ ಈ ವಿದ್ಯೆಯನ್ನು ಹೊರಗಿಟ್ಟನು. ಇಪ್ಪತ್ತನೆಯ ಶತಮಾನದಲ್ಲಿ ಅದು ಮರುಜೀವ ಪಡೆದು, 2010ರಲ್ಲಿ ಯುನೆಸ್ಕೋದ ಪಾರಂಪರಿಕ ಪಟ್ಟಿಗೆ ಸೇರಿತು. ಆ ನಾಳಗಳನ್ನು ಅಂಗರಚನಾಶಾಸ್ತ್ರ ಇಂದಿಗೂ ದೃಢಪಡಿಸಿಲ್ಲ. ಕೆಲವು ಬಗೆಯ ದೀರ್ಘಕಾಲದ ನೋವಿಗೆ ಸೂಜಿಯಿಂದ ಒಂದಿಷ್ಟು ಉಪಶಮನ ದೊರೆಯುವುದೆಂದು ಅಧ್ಯಯನಗಳು ತಿಳಿಸಿದರೂ ಅದು ಎಲ್ಲ ರೋಗಕ್ಕೂ ಮದ್ದಲ್ಲ.

ಆದರೆ ಸಾಮ್ರಾಟನ ಪ್ರಶ್ನೆ ಹಳತಾಗಿಲ್ಲ. ಇರುಳನ್ನು ಹಗಲು ಮಾಡಿ ದುಡಿದು, ಹಸಿವೆ ನಿದ್ರೆಗಳ ವೇಳೆಯನ್ನೇ ಮರೆತು, ಬಳಿಕ ನೋವು ನೀಗುವ ಉಪಾಯವನ್ನು ಹುಡುಕುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರಿಗೆ ಚಿಬೋ ಮೊದಲು ಕೇಳುತ್ತಿದ್ದುದು, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದೇ ಇರಬೇಕು.